ಅಡ್ಡಕಲ್ಲಿನ ಹವಳ

"ತಪ್ಪು ಒಪ್ಕೊಂಡ್ರೆ ದಂಡ ಹಾಕಿ ಬಿಡ್ತ್ರಂಬ್ರ್. ನಾನ್ ಒಪ್ಪುದಿಲ್ಲ ಸ್ನೇಹಕ್ಕ. ದೋಣಿ ಹೋರೂ ಹೋಯ್ಲಿ, ಮಾಡದ್ ಕೆಲ್ಸಕ್ಕೆ ಕೈ ಮುಗೂದಿಲ್ಲ!"

ಬೀಜಾಡಿಯ ಸ್ನೇಹಲತಾ ಶೆಟ್ಟಿಯವರ ಜಗಲಿಯಲ್ಲಿ ಬೈಂದೂರಿನ ಮೀನುಗಾರ ಸೂರ ಹೀಗೆ ಗುಡುಗಿದಾಗ, ಒಳಗೆ ಕಾಫಿ ಸೋಸುತ್ತಿದ್ದ ಅಣ್ಣಯ್ಯನಿಗೆ ಖುಷಿಯೇ ಆಯಿತು. ಈ ಮನೆಗೆ ಅಳುತ್ತ ಬರುವವರೇ ಹೆಚ್ಚು. ಹೀಗೆ ಸೆಟೆದು ನಿಂತವನನ್ನು ಕಂಡು ಬಹಳ ಕಾಲವಾಗಿತ್ತು.

ಸ್ನೇಹಕ್ಕ ಮುಂಬೈಯ ದಾದರಿನಲ್ಲಿ ಗಂಡನ ಜೊತೆ ಹೋಟೆಲು ನಡೆಸಿ ಊರಿಗೆ ಮರಳಿದವರು. ಅಣ್ಣಯ್ಯ ಅಲ್ಲಿಯೂ ಅಡುಗೆ ಮನೆಯವನು, ಇಲ್ಲಿಯೂ. ಹಾಲಿಗೆ ನೀರು ಬೆರೆಸುವವನನ್ನು, ಗಲ್ಲಾಕ್ಕೆ ಕೈ ಹಾಕುವವನನ್ನು ಕೂತಲ್ಲಿಂದಲೇ ಹಿಡಿಯುತ್ತಿದ್ದ ಒಡತಿಯ ಬಳಿಗೆ ಈಗ ಕುಂದಾಪುರ, ಬ್ರಹ್ಮಾವರದಿಂದಲೂ ಜನ ತಮ್ಮ ತೊಡಕು ಬಿಡಿಸಿಕೊಳ್ಳಲು ಬರುತ್ತಿದ್ದರು.

"ಎಂತ ಮಾಡಿದ್ದೆ ಅಂತ ಹೇಳ್ತ್ರ್ ಮಾರಾಯ?" ಎಂದು ಕೇಳಿದರು ಸ್ನೇಹಕ್ಕ.

ಬೈಂದೂರಿನಾಚೆ ಕಡಲಿನಲ್ಲಿ ಅಡ್ಡಕಲ್ಲು ಎಂಬ ಬಂಡೆ. ಅದರ ಬುಡದಲ್ಲಿ ಹವಳ ಬೆಳೆದಿದೆ. ಮೈಸೂರಿನ ತೃಷಾ ಎಂಬ ಹುಡುಗಿ ಪ್ರತಿ ವರ್ಷ ಅಲ್ಲಿ ಮುಳುಗಿ, ಹವಳ ಎಷ್ಟು ಜೀವಂತವಿದೆ, ಯಾವ ಮೀನು ಉಳಿದಿದೆ, ಯಾವುದು ಬಿಟ್ಟು ಹೋಗಿದೆ ಎಂದು ನೋಡುತ್ತಾಳೆ. ಈ ಸಲ ಹವಳ ಸಾಲಾಗಿ ಮುರಿದು ಬಿದ್ದಿತ್ತು. ಬಂದರಿನಲ್ಲಿ ಎಲ್ಲರೆದುರು ಅವಳು ಸೂರನನ್ನು ಕೇಳಿದ್ದಳು: ಅಡ್ಡಕಲ್ಲಿಗೆ ಯಾಕೆ ಹೋಗುತ್ತೀರಿ?

"ನಾನೆಂತ ಸುಳ್ಳು ಹೇಳ್ಕಾ? ನೀಲಿಕಲ್ಲ್ ಕೀಳುಕೆ ಅಂದೆ. ಅಷ್ಟಕ್ಕೇ ಕಳ್ಳ ಸಿಕ್ಕಿದ ಅಂದ್ರ್!"

ಅಣ್ಣಯ್ಯನಿಗೆ ನಗು ತಡೆಯಲಾಗಲಿಲ್ಲ. ನೀಲಿಕಲ್ಲು ಎಂದರೆ ಕಲ್ಲಲ್ಲ, ಬಂಡೆಗೆ ಅಂಟಿಕೊಂಡು ಬೆಳೆಯುವ ಪಚ್ಚಿಲೆ ಚಿಪ್ಪು. ನೀರಿಳಿದಾಗ ಹಾರೆಯಲ್ಲಿ ಎಬ್ಬಿಸಿ ತಂದು, ಒಳಗಿನ ಮಾಂಸಕ್ಕೆ ತೆಂಗಿನತುರಿ ಹಾಕಿ ಸುಕ್ಕ ಮಾಡುವುದು ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ?

ಸ್ನೇಹಕ್ಕ ನಗಲಿಲ್ಲ. "ಮೈಸೂರಿನ ಹೆಣ್ಣಿಗೆ ಗೊತ್ತಿಲ್ಲೆ, ಸರಿ. ಹತ್ರ ಇದ್ದವ್ರ್ ಯಾರೂ ಹೇಳ್ಲಿಲ್ಯಾ? ಅಣ್ಣಯ್ಯ, ಕಾರ್ ತೆಗಿ."

ಬಂದರಿನಲ್ಲಿ ತೃಷಾ ಫೋನಿನ ಚಿತ್ರಗಳನ್ನು ತೋರಿಸಿದಳು. ಕಣ್ಣು ಕೆಂಪಾಗಿತ್ತು, ಅತ್ತಿರಬೇಕು. "ಇಷ್ಟು ಬೆಳೆಯಲು ನನ್ನ ವಯಸ್ಸಿಗಿಂತ ಹೆಚ್ಚು ಕಾಲ ಬೇಕಾಗಿತ್ತು, ಆಂಟಿ" ಎಂದಳು.

ಮುರಿದ ಹವಳವೆಲ್ಲ ಒಂದೇ ಗೆರೆಯಲ್ಲಿ, ಒಂದೇ ಕಡೆಗೆ ವಾಲಿ ಬಿದ್ದಿತ್ತು. ತುಂಡುಗಳು ಅಲ್ಲಲ್ಲೇ ಇದ್ದವು.

"ಈ ಗೆರೆ ಎಲ್ಲಿಗೆ ಹೋಗಿ ಮುಗಿತ್ತ್ ಮಗಾ?"

"ನಾನು ಗುರುತು ಮಾಡಿದ ಜಾಗ ದಾಟಿ ಹೋಗುತ್ತದೆ. ಮುಂದಕ್ಕೆ ನೋಡಲಿಲ್ಲ."

"ನೀಲಿಕಲ್ಲು ಅಂದ್ರೆ ಹವಳ ಅಂತ ಯಾರ್ ಹೇಳಿದ್ದ್?"

"ಅನುಮಾನವಾಗಿ ಸುಜಯ್ ಅವರನ್ನು ಕೇಳಿದೆ. ಇಲ್ಲಿಯವರು ಹವಳಕ್ಕೆ ಹಾಗೇ ಅನ್ನುವುದು ಎಂದರು."

ಸುಜಯ್ ಪಕ್ಕದ ರೆಸಾರ್ಟಿನವನು, ಪ್ರವಾಸಿಗರನ್ನು ಕಡಲಿಗೆ ಕರೆದೊಯ್ಯುವ ಬೋಟಿನ ಮಾಲೀಕ. ಅಡ್ಡಕಲ್ಲಿನ ಬಳಿ ಪ್ರವಾಸಿ ಬೋಟು ನಿಲ್ಲಿಸಲು ಯಾರಿಗೂ ಅನುಮತಿಯಿಲ್ಲ. ಅವನು ನಗುನಗುತ್ತ ಬಂದು, "ನಾನು ಓದಿ ಬೆಳೆದದ್ದೆಲ್ಲ ಮುಂಬೈ, ಅಕ್ಕ. ಊರಿನ ಮಾತು ಅಷ್ಟಕ್ಕಷ್ಟೇ. ಸೂರ ಬಡವ, ದಂಡವನ್ನು ಬೇಕಾದರೆ ನಾನೇ ಕಟ್ಟುತ್ತೇನೆ" ಎಂದ.

"ನಿನ್ನ ದುಡ್ಡ್ ನಿನ್ ಕಿಸೆಯಲ್ಲೇ ಇರ್ಲಿ!" ಎಂದು ಸೂರ ಹಾರಿದ. ಸ್ನೇಹಕ್ಕ ಅವನ ತೋಳು ಹಿಡಿದು ದೋಣಿಯ ಕಡೆ ಎಳೆದೊಯ್ದರು.

ಸೂರನ ದೋಣಿಯ ಲಂಗರು ಹಗ್ಗ ಕಟ್ಟಿದ ಒಂದು ಉರುಟು ಕಲ್ಲು. "ಅಡ್ಡಕಲ್ಲಿನ ಹತ್ರ ಕಬ್ಣ ಹಾಕ್ರೆ ಸಂದಿಗೆ ಸಿಕ್ಕಿ ಬಿತ್ತ್. ಮತ್ತೆ ದೇವ್ರೇ ಬಂದ್ರೂ ಬತ್ತಿಲ್ಲೆ" ಎಂದ ಅವನು. ಹಿಂತಿರುಗುವಾಗ ಸುಜಯನ ಬೋಟಿನ ಮೂತಿಯಲ್ಲಿ ಅಣ್ಣಯ್ಯನಿಗೆ ಒಂದು ವಿಚಿತ್ರ ಕಂಡಿತು. ಸರಪಳಿ ತುಕ್ಕು ಹಿಡಿದು ಕೆಂಪಾಗಿತ್ತು, ಅದರ ತುದಿಯ ಲಂಗರು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿತ್ತು.

"ಕಂಡ್ಯಾ?" ಎಂದರು ಸ್ನೇಹಕ್ಕ.

"ಕಂಡೆ."

"ಹಾಂಗಾರೆ ಬಾಯಿ ಮುಚ್ಕೊ. ಭಾನುವಾರ ಎಲ್ಲರಿಗೂ ನಮ್ಮಲ್ಲೇ ಊಟ."

ಭಾನುವಾರ ಬೀಜಾಡಿಯ ಜಗಲಿಯಲ್ಲಿ ಎಲೆ ಹಾಕಿದಾಗ ತೃಷಾ, ಸುಜಯ್, ಸೂರ ಮತ್ತು ಮೀನುಗಾರಿಕೆ ಇಲಾಖೆಯ ಅಧಿಕಾರಿ ಮನೀಷ್ ಕೂತಿದ್ದರು. ಸೂರನ ದೋಣಿಯ ನೋಂದಣಿ ರದ್ದು ಮಾಡುವುದೋ ಬೇಡವೋ ಎಂಬುದು ಮನೀಷರ ಕೈಯಲ್ಲಿತ್ತು. ಅಣ್ಣಯ್ಯ ಒಡತಿ ಹೇಳಿಕೊಟ್ಟಂತೆ ಬಾಯಿ ಬಿಡದೆ ಬಡಿಸಿದ.

ಸುಜಯ್ ಬೆರಳು ನೆಕ್ಕುತ್ತ ಸುಕ್ಕವನ್ನು ಎರಡನೇ ಸಲ ಹಾಕಿಸಿಕೊಂಡ.

"ಮಳಿ ಸುಕ್ಕ ಲಾಯ್ಕ್ ಆಯಿತ್ತಾ?" ಎಂದು ಸ್ನೇಹಕ್ಕ ಉಪಚಾರದ ದನಿಯಲ್ಲಿ ಕೇಳಿದರು.

"ಮಳಿ ಎಂತಕ್ಕೆ ಅಕ್ಕ, ಅದ್ ಹೊಳೆ ಚಿಪ್ಪ್. ಇದ್ ನೀಲಿಕಲ್ಲ್ ಅಲ್ದಾ! ಅಮ್ಮ ಮಾಡ್ತಿದ್ದ ಹಾಂಗೇ..."

ಅವನ ಕೈ ಎಲೆಯ ಮೇಲೆ ನಿಂತಿತು. ತೃಷಾ ತನ್ನ ಎಲೆಯಲ್ಲಿದ್ದ ಕಿತ್ತಳೆ ಬಣ್ಣದ ಮಾಂಸವನ್ನೂ ಅವನ ಮುಖವನ್ನೂ ನೋಡಿದಳು. "ಇದಾ ನೀಲಿಕಲ್ಲು?"

"ಇದೇ ಮಗಾ" ಎಂದರು ಸ್ನೇಹಕ್ಕ. "ನಿನಗೆ ತಪ್ಪು ತಿಳಿದದ್ದು ತಪ್ಪಲ್ಲ. ಆದ್ರೆ ಇವ ಗೊತ್ತಿದ್ದೂ ಹವಳ ಅಂದ. ಯಾಕೆ ಅಂತ ನಾನ್ ಅಲ್ಲೇ ಯೋಚಿಸಿದೆ. ಮಾರುಕೆ ಒಡ್ದವ ಆದ್ರೆ ತುಂಡು ಬಿಟ್ಟು ಹೋತಿರ್ಲಿಲ್ಲ. ಒಂದೇ ಗೆರೆ, ಒಂದೇ ಕಡೆಗೆ ವಾಲಿದ್ದು, ಅಂದ್ರೆ ಏನೋ ಎಳ್ಕೊಂಡು ಹೋಯಿತ್ತ್. ಸೂರ ಕೀಳುದು ಮೇಲೆ, ನೀರಿಳಿದಲ್ಲಿ. ಹವಳ ಇಪ್ಪುದು ಬುಡದಲ್ಲಿ. ಅವನ ಲಂಗರು ಉರುಟು ಕಲ್ಲು, ಉಳುವ ಹಲ್ಲು ಅದಕ್ಕಿಲ್ಲೆ. ಇವನ ಹಳೇ ಸರಪಳಿಗೆ ಹೊಸ ಲಂಗರು ಎಲ್ಲಿಂದ ಬಂತು? ಹಳೇದ್ ಎಲ್ಲಿ?"

"ಕಳೆದು ಹೋಯಿತು, ಯಾವುದೋ ಕಡೆ..." ಎಂದ ಸುಜಯ್.

"ಯಾವುದೋ ಕಡೆ ಅಲ್ಲ" ಎಂದಳು ತೃಷಾ. "ಆಂಟಿ ಹೇಳಿದ ಮೇಲೆ ನಿನ್ನೆ ಗೆರೆಯ ಕೊನೆವರೆಗೂ ಹೋದೆ. ಸೂರಣ್ಣನೇ ದೋಣಿ ಬಿಟ್ಟರು."

ಸೂರ ಎದ್ದು ಹೋಗಿ ಜಗಲಿಯ ಮೂಲೆಯ ಗೋಣಿಯನ್ನು ಸರಿಸಿದ. ಕೆಳಗೆ ಕೆಂಪು ತುಕ್ಕಿನ ಲಂಗರು, ಅದರ ಹಲ್ಲಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಬಿಳಿ ಹವಳದ ಚೂರು. ಕತ್ತಿನಲ್ಲಿ ರೆಸಾರ್ಟಿನ ಹೆಸರು ಕೊರೆದಿತ್ತು.

ಸುಜಯ್ ಎಲೆ ಮಡಚಿದ. ಗಾಳಿ ಎದ್ದಿತ್ತು, ಬೋಟು ಎಳೆಯಿತು, ಅನುಮತಿ ಇಲ್ಲದೆ ಹೋದದ್ದು ತಿಳಿದರೆ ಲೈಸೆನ್ಸ್ ಹೋಗುತ್ತದೆಂದು ಹೆದರಿದೆ ಎಂದ. "ಇಲ್ಲಿಗೇ ಮುಗಿಸುವ ಅಕ್ಕ. ಸೂರನ ಹೆಸರು ಬಿಟ್ಟರಾಯಿತಲ್ಲ?"

ಮನೀಷ್ ಕೈ ತೊಳೆದು ಬಂದು, "ಸೂರನ ಮೇಲಿನದ್ದು ಇಲ್ಲಿಗೆ ಮುಗಿಯಿತು. ನಿಮ್ಮದು ಶುರುವಾಯಿತು" ಎಂದರು.

ತೃಷಾ ಸೂರನ ಮುಂದೆ ನಿಂತು ಕ್ಷಮೆ ಕೇಳಿದಳು.

"ಬೇಡ" ಎಂದ ಸೂರ.

ಅಣ್ಣಯ್ಯನಿಗೆ ಕಸಿವಿಸಿಯಾಯಿತು. ಗೆದ್ದಾಯಿತಲ್ಲ, ಇನ್ನೇನು?

"ಬಂದರ್ನಲ್ಲಿ ನಾಕ್ ಜನರೆದ್ರ್ ಕಳ್ಳ ಮಾಡಿದ್ರಿ. ಜಗಲಿ ಮೇಲೆ ಗುಟ್ಟಾಗಿ ಒಳ್ಳೆಯವ ಮಾಡ್ಬೇಡಿ. ಅಲ್ಲೇ ಬನ್ನಿ."

ಸ್ನೇಹಕ್ಕ ಅವನನ್ನು ತಡೆಯಲಿಲ್ಲ. ಸಂಜೆ ಮೀನು ಹರಾಜಿನ ಗದ್ದಲದ ನಡುವೆ ತೃಷಾ ಒಂದು ಖಾಲಿ ಐಸ್ ಪೆಟ್ಟಿಗೆಯ ಮೇಲೆ ಹತ್ತಿದಳು. ಎರಡು ಸಲ "ದಯವಿಟ್ಟು ಕೇಳಿ" ಎಂದಳು. ಬುಟ್ಟಿಯ ಹೆಂಗಸರು ತಲೆ ಎತ್ತಲಿಲ್ಲ. ಅವಳು ಸೂರನತ್ತ ನೋಡಿದಳು. ಅವನು ಕೈ ಕಟ್ಟಿ ನಿಂತೇ ಇದ್ದ.

ಹುಡುಗಿ ಎದೆ ತುಂಬ ಉಸಿರು ಎಳೆದುಕೊಂಡು, ಮೈಸೂರಿನ ನಾಲಿಗೆಗೆ ಒಗ್ಗದ ಕೂಗನ್ನು ಕೂಗಿದಳು:

"ಹ್ವಾಯ್! ಹವಳ ಒಡೆದವರು ಸೂರಣ್ಣ ಅಲ್ಲ!"

ಹರಾಜು ನಿಂತಿತು.