ಬೆನ್ನಿಗೆ ಬೆನ್ನು

ಕಾಯೋಟಿ ತೋಳವನ್ನು ಹೊಡೆಯಲು ನೀನು ಕೂತಾಗ ನಿನ್ನ ಬೆನ್ನಿಗೆ ನನ್ನ ಬೆನ್ನು ಯಾವತ್ತೂ ಇರುತ್ತದೆ ಎಂದು ಅಣ್ಣ ವರ್ಲಿನ್ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದ. ಅಮೆರಿಕದ ವಯೋಮಿಂಗಿನ ನಮ್ಮ ಬಯಲಿನಲ್ಲಿ ಒರಗಲು ಮರವಿಲ್ಲ. ಒಬ್ಬರಿಗೊಬ್ಬರು ಒರಗಿಯೇ ಬಂದೂಕು ಅಲುಗದಂತೆ ಹಿಡಿಯುತ್ತಿದ್ದೆವು.

"ಉಸಿರು ಬಿಗಿಹಿಡಿಯೇ ಡುಮ್ಮಿ, ನನ್ನ ಗುರಿ ಅಲ್ಲಾಡ್ತಿದೆ!" ಎಂದು ಗದರುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅವನು ಹಿಮದಲ್ಲಿ ಸಿಕ್ಕಿ ತೀರಿಕೊಂಡ. ವಸಂತದಲ್ಲಿ ಒಂದು ಕಾಯೋಟಿ ದಿನವೂ ನಮ್ಮ ಕುರಿಮರಿಗಳನ್ನು ಒಯ್ಯತೊಡಗಿತು.

"ಹೀಗೇ ಆದ್ರೆ ಮಂದೆ ಮಾರೋದೇ," ಎಂದ ಗಂಡ.

ಬೆಳಗ್ಗೆ ಒಬ್ಬಳೇ ಹೋಗಿ ಕೂತು, ಕಾಯೋಟಿಯನ್ನು ಸೆಳೆಯಲು ಗಾಯಗೊಂಡ ಮೊಲದ ಕೂಗಿನಂತೆ ಸೀಟಿ ಊದಿದೆ. ಕಾಯೋಟಿ ಬಂತು. ಮೊಣಕಾಲ ಮೇಲೆ ಬಂದೂಕು ನಡುಗುತ್ತಿತ್ತು. ಆಗ ಬೆನ್ನಿಗೆ ಏನೋ ಭಾರವಾಗಿ, ತಣ್ಣಗೆ ಒರಗಿತು. ನಡುಕ ನಿಂತಿತು. ಹೊಡೆದೆ, ಬಿತ್ತು. ನಾನು ಉಸಿರು ಬಿಟ್ಟೆ. ಆ ಬೆನ್ನು ಉಸಿರು ಬಿಡಲೇ ಇಲ್ಲ. ತಿರುಗಿದರೆ ಯಾರೂ ಇರಲಿಲ್ಲ.

"ಬಿಸಿಲಲ್ಲಿ ಬಂದಿದೀಯ, ಕೋಟಿನ ಬೆನ್ನೆಲ್ಲ ಹಿಮ ಯಾಕೇ?" ಎಂದು ಮನೆಗೆ ಬಂದಾಗ ಗಂಡ ಕೇಳಿದ.

ವರ್ಲಿನ್ ಮಾತು ಉಳಿಸಿಕೊಂಡಿದ್ದ.