ನಿಲ್ಲದ ಪೆಟ್ಟಿಗೆ

೨೦೫೮ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಕೃಷ್ಣಾ ನದಿಯ ದಡದ ಹೊಳೆಹಂಚಿನಾಳದಲ್ಲಿ ದಾಕ್ಷಾಯಣಿಯ ಖಡಕ್ ರೊಟ್ಟಿ ಕೇಂದ್ರದ ಹನ್ನೊಂದು ಹೆಂಗಸರು ರೊಟ್ಟಿ ಬಡಿಯುತ್ತ ಟಿವಿ ನೋಡುತ್ತಿದ್ದರು. ಟಿವಿಯ ಕೆಳಗೆ 'ಅಖಂಡ' ರೆಕಾರ್ಡರ್ ಇತ್ತು. ಬರುವ ಕಾರ್ಯಕ್ರಮವನ್ನೆಲ್ಲ ತುಂಬಿಕೊಂಡು, 'ತಡಿ' ಎಂದರೆ ನಿಂತು, 'ಹೂಂ' ಎಂದರೆ ಬಿಟ್ಟಲ್ಲಿಂದಲೇ ಮುಂದುವರಿಸುವ ಪೆಟ್ಟಿಗೆ ಅದು. ಕೇಂದ್ರದಲ್ಲೊಂದು ಕಟ್ಟಳೆಯಿತ್ತು. ಮಗುವಿಗೆ ಹಾಲೂಡಿಸಲೋ ಗಿರಾಕಿಯನ್ನು ಮಾತಾಡಿಸಲೋ ಒಬ್ಬಳು ಎದ್ದರೆ, ಅವಳು ಮರಳುವತನಕ ಟಿವಿ ನಿಲ್ಲಬೇಕು. ಯಾರಿಗೂ ಒಂದು ಮಾತೂ ತಪ್ಪಬಾರದು. ಇಂಥ ಒಳ್ಳೆಯತನವೇ ಅವರಿಗೆ ಮುಳುವಾಗಲಿತ್ತು.

ಪ್ರತಿ ನಿಲುಗಡೆಯಿಂದ ಪೆಟ್ಟಿಗೆ ಹೊರಜಗತ್ತಿಗಿಂತ ಅಷ್ಟಷ್ಟು ಹಿಂದೆ ಬೀಳುತ್ತಿತ್ತು. ಪರದೆ ಆರಿಸಿದರೂ ಅದು ಒಳಗೊಳಗೇ ಅದೇ ಹಿಂದುಳಿದ ಹೊತ್ತಿನಲ್ಲಿ ಓಡುತ್ತಿತ್ತು. ರೀಬೂಟ್ ಮಾಡಿದರೆ, ಅಂದರೆ ಒಮ್ಮೆ ಪೂರ್ತಿ ಆರಿಸಿ ಹೊಸದಾಗಿ ಶುರುಮಾಡಿದರೆ, ಸರಿಹೋಗುತ್ತಿತ್ತು. ಹತ್ತೊಂಬತ್ತು ದಿನಗಳಿಂದ ಯಾರೂ ಮಾಡಿರಲಿಲ್ಲ.

ಪೆಟ್ಟಿಗೆಯನ್ನು ಕಂಡುಹಿಡಿದವಳು ದಾಕ್ಷಾಯಣಿಯ ತಂಗಿ, ಹುಬ್ಬಳ್ಳಿಯ ವಿಜ್ಞಾನಿ ನೀಲಾಂಬಿಕಾ. ದಿನಕ್ಕೊಮ್ಮೆ ತಾನೇ ರೀಬೂಟ್ ಆಗುವಂತೆ ಮಾಡೋಣವೆಂದು ಅವಳ ಸಹೋದ್ಯೋಗಿ ಮೆಹಬೂಬ್ ನದಾಫ್ ಎರಡು ವರ್ಷ ಗೋಗರೆದಿದ್ದ. "ದಿನಾ ಮೂರ್ಛೆ ಹೋಗೂ ಯಂತ್ರ ಯಾರಿಗೆ ಬೇಕ್ರಿ?" ಎಂದು ಅವಳು ಒಪ್ಪಿರಲಿಲ್ಲ. ದೂರದಿಂದ ರೀಬೂಟ್ ಮಾಡುವ ದಾರಿಯನ್ನೂ ಮುಚ್ಚಿಸಿದ್ದಳು. ಸಾಲದ್ದಕ್ಕೆ, ನೋಡುವವರಿಗೆ ಕಿರಿಕಿರಿಯಾಗದಿರಲೆಂದು, ಹಳೆಯ ದೃಶ್ಯದ ಮೂಲೆಯಲ್ಲೂ ಈಗಿನ ಸಮಯವನ್ನೇ ಬರೆಯಲು ಪೆಟ್ಟಿಗೆಗೆ ಕಲಿಸಿದ್ದಳು. ಜಾಣತನ ಅತಿಯಾದರೆ ಹೀಗೆಯೇ.

ಮೂರೂ ಇಪ್ಪತ್ತಕ್ಕೆ ದಾಕ್ಷಾಯಣಿಯ ಫೋನು ಹೊಡೆದುಕೊಂಡಿತು.

"ಅಕ್ಕಾ, ಎಲ್ಲಾರನ್ನೂ ಕರಕೊಂಡು ಲಗೂನ ದಿಬ್ಬದ ಮ್ಯಾಲಿನ ಕನ್ನಡ ಸಾಲಿಗೆ ಹೋಗ್ರಿ! ಎರಡಕ್ಕ ಅಣೆಕಟ್ಟಿನ ಗೇಟ್ ತಗದಾರ. ಐದರೊಳಗ ನೀರು ಊರಾಗ ಇರತೈತಿ."

"ಹುಚ್ಚ ಹಿಡದೈತೇನ ನಿನಗ? ನೀರು ಬಿಡೂದಿಲ್ಲಂತ ಮಂತ್ರಿ ಈಗ ಟಿವ್ಯಾಗ ಹೇಳಾಕತ್ತಾನ. ನೀಲಿ ಶಾಲು ಹೊತಗೊಂಡು ಕುಂತಾನ."

ಆ ನೀಲಿ ಶಾಲನ್ನು ನೀಲಾಂಬಿಕಾ ಹುಬ್ಬಳ್ಳಿಯಲ್ಲಿ ಹನ್ನೆರಡು ಗಂಟೆಗೇ ನೋಡಿದ್ದಳು.

"ಅದು ಮೂರು ತಾಸಿನ ಹಿಂದಿಂದಕ್ಕಾ. ನನ್ನ ಪೆಟಗಿ ಸುಳ್ಳ ಹೇಳಾಕತ್ತೈತಿ. ತಪ್ಪ ನಂದು."

ಆ ಕಾಲದಲ್ಲಿ ಸುಳ್ಳು ವಿಡಿಯೊ, ಕದ್ದ ದನಿಗಳ ಕಾಟ ಹೇಳತೀರದು. ಫೋನಿನ ಮಾತನ್ನು ಜನ ನಂಬುವುದನ್ನೇ ಬಿಟ್ಟಿದ್ದರು. ನಂಬುತ್ತಿದ್ದುದು ಟಿವಿಯನ್ನು ಮಾತ್ರ.

"ಯಾರ್ ನೀನು?" ದಾಕ್ಷಾಯಣಿಯ ದನಿ ಗಡುಸಾಯಿತು. "ನಮ್ಮ ನೀಲಾ ಹುಟ್ಟಿದಾಗಿಂದ ಒಮ್ಮಿಯೂ ತಪ್ಪ ನಂದು ಅಂದಾಕಿ ಅಲ್ಲ."

ನೀಲಾಂಬಿಕೆಗೆ ಅಳು ಬಂತು. "ಆತು, ನಾನು ಕಳ್ಳಿ ಅಂತ ತಿಳಿ. ಟಿವಿ ಪೆಟಗಿ ವೈರ್ ಕಿತ್ತು ಮತ್ತ ಹಚ್ಚು. ಅಷ್ಟ ಮಾಡು. ಆರಿದ ಪೆಟಗ್ಯಾಗ ಕಳ್ಳಿಗೆ ಏನ್ ಸಿಗತೈತಿ?"

ಆ ಮಾತು ದಾಕ್ಷಾಯಣಿಗೆ ಸರಿಯೆನ್ನಿಸಿತು. ಹಿಟ್ಟಿನ ಕೈಯಲ್ಲೇ ವೈರ್ ಕಿತ್ತು ಮತ್ತೆ ಚುಚ್ಚಿದಳು. ಪೆಟ್ಟಿಗೆ ಏಳಲು ನಾಲ್ಕು ನಿಮಿಷ ಬೇಕು. ಹುಬ್ಬಳ್ಳಿಯಲ್ಲಿ ನೀಲಾಂಬಿಕಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಯವ್ವಾ, ಗೇಟೆಲ್ಲಾ ತಗದಾರ!" ಯಾರೋ ಚೀರಿದರು. ದಾಕ್ಷಾಯಣಿ "ಹೊಂಟೇವಿ ನೀಲಾ" ಎಂದಷ್ಟೇ ಹೇಳಿದಳು.

ನೀಲಾಂಬಿಕಾ ಉಸಿರುಬಿಡುವಷ್ಟರಲ್ಲಿ ಮೆಹಬೂಬ್ ನಕ್ಷೆ ತಂದು ಹರವಿದ. ಅಣೆಕಟ್ಟಿನ ಕೆಳಗೆ ನದಿಯ ದಡದಲ್ಲಿ ಮೂವತ್ತಾರು ಹಳ್ಳಿ, ಹನ್ನೊಂದು ಸಾವಿರ ಅಖಂಡಗಳು. ಯಾವುದು ಎಷ್ಟು ಹಿಂದಿದೆಯೋ ಯಾರಿಗೂ ಗೊತ್ತಿಲ್ಲ.

"ವೈರ್ ಕೀಳ್ರಿ ಅಂತ ಟಿವ್ಯಾಗ ಹೇಳಸೋಣ್ರಿ ಮೇಡಂ."

"ಈಗ ಹೇಳಿಸಿದ್ದು ಅವರ ಟಿವಿಗೆ ಯಾವಾಗ ಬರತೈತಿ, ಮೆಹಬೂಬ್?"

ಅವಳು ಕದ್ದ ದನಿ ನುಸುಳಲಾರದ ಸರಕಾರಿ ಲೈನಿನಲ್ಲಿ ವಿದ್ಯುತ್ ಕೇಂದ್ರದ ಎಂಜಿನಿಯರಿಗೆ ಫೋನು ಮಾಡಿ, ಮೂವತ್ತಾರು ಹಳ್ಳಿಗಳ ಕರೆಂಟನ್ನು ಒಂದು ನಿಮಿಷ ತೆಗೆಯಿರಿ ಎಂದಳು.

"ಏನಂತೀರಿ ಮೇಡಂ? ಆರು ವರ್ಷ ಆತು, ಈ ಭಾಗದಾಗ ಒಂದ್ ಸೆಕೆಂಡೂ ಕರೆಂಟ್ ಹೋಗಿಲ್ಲ. ಮ್ಯಾಲಿನವರಿಗೆ ಏನ್ ಹೇಳ್ಲಿ?"

"ನನ್ನ ಹೆಸರು ಹೇಳ್ರಿ. ನನ್ನ ಪೆಟಗಿ ಕೆಟ್ಟೈತಿ ಅಂತ ಹೇಳ್ರಿ." ಅದನ್ನು ಎರಡನೆಯ ಸಲ ಹೇಳುವಾಗ ಅವಳಿಗೆ ಅಷ್ಟು ಕಷ್ಟವಾಗಲಿಲ್ಲ.

ಮೂರೂ ನಲವತ್ತೊಂದಕ್ಕೆ ಕರೆಂಟು ಹೋಯಿತು.

ಎಂದೂ ನಿಲ್ಲದ ಕರೆಂಟು, ಎಂದೂ ನಿಲ್ಲದ ಪೆಟ್ಟಿಗೆ. ಎರಡನ್ನೂ ಪ್ರಗತಿ ಎಂದು ಹಾಡಿ ಹೊಗಳಿದ ಕಾಲ ಅದು. ವಾರಕ್ಕೆ ನಾಲ್ಕು ಸಲ ಕರೆಂಟು ತೆಗೆಯುವವರಿಗೆ ಹಿಡಿಶಾಪ ಹಾಕುವ ಇಂದಿನ ನಮಗೆ, ಅದೇ ನಮ್ಮನ್ನು ಆಗಾಗ ಈ ಹೊತ್ತಿಗೆ ತಂದು ನಿಲ್ಲಿಸುತ್ತಿದೆ ಎಂಬುದು ಹೊಳೆಯುವುದೇ ಇಲ್ಲ.

ಮೂವತ್ತಾರು ಹಳ್ಳಿಗಳ ಜನ ಕಪ್ಪಾದ ಪರದೆಯನ್ನು ತುಸುಹೊತ್ತು ದಿಟ್ಟಿಸಿದರು. ಪೆಟ್ಟಿಗೆ ಏಳುವತನಕ ಕಾಯುವ ಅಭ್ಯಾಸ ಯಾರಿಗೂ ಇರಲಿಲ್ಲ. ಒಬ್ಬೊಬ್ಬರೇ ಬಾಗಿಲಿಗೆ ಬಂದು, ಓಣಿಗೆ ಇಳಿದು, "ನಿಮ್ಮನ್ಯಾಗೂ ಹೋಗೇತೇನ್ರಿ?" ಎಂದು ಎದುರು ಮನೆಯವರನ್ನು ಕೇಳಿದರು. ಹಾಗೆ ಕೇಳುತ್ತ ನಿಂತಾಗಲೇ ಅವರ ಕಣ್ಣಿಗೆ ಉಕ್ಕಿ ಏರುತ್ತಿದ್ದ ಹೊಳೆ ಬಿತ್ತು.