ನಾಲ್ಕು ಬೆರಳು ಜೊಂಡು

ಬಹಳ ಹಿಂದೆ, ಏಳು ಕೆರೆಗಳ ರಾಜ್ಯವೊಂದರಲ್ಲಿ ಮಲ್ಲಾಜಿ ಎಂಬ ಚಾಪೆ ಹೆಣೆಯುವವಳಿದ್ದಳು. ಅವಳಿಗೆ ತನ್ನವರೆಂದು ಇದ್ದವನು ತಮ್ಮ ದುಗ್ಗ ಒಬ್ಬನೇ. ಅವರ ಕುಲದಲ್ಲಿ ಒಂದು ಕಟ್ಟಳೆಯಿತ್ತು: ಕೆರೆಯ ಜೊಂಡುಹುಲ್ಲನ್ನು ನೀರಿನ ಮೇಲೆ ನಾಲ್ಕು ಬೆರಳು ಉಳಿಸಿ ಕೊಯ್ಯಬೇಕು. ಬೇರು ಉಸಿರಾಡುವುದು ಆ ಮೋಟಿನಿಂದಲೇ.

ಜೊಂಡಿರುವ ಕೆರೆಯಲ್ಲಿ ಕರಾಳನೆಂಬ ಮಾಂತ್ರಿಕನ ಆಟ ನಡೆಯುತ್ತಿರಲಿಲ್ಲ. ಅವನು ದುಗ್ಗನಿಗೆ ತಾನಾಗಿಯೇ ಕೊಯ್ಯುವ ಕುಡುಗೋಲು ಕೊಟ್ಟ. ನಮ್ಮ ದುಗ್ಗನೋ ಅವಸರದ ಗಿರಾಕಿ! ಉದ್ದ ಚಾಪೆಯ ಆಸೆಗೆ ನೀರೊಳಗೇ ಕೊಯ್ದುಬಿಟ್ಟ. ಬೇರುಗಳು ಉಸಿರುಕಟ್ಟಿ ಸತ್ತವು. ಕರಾಳ ಅವನನ್ನು ನೀರುಕೋಳಿಯಾಗಿಸಿ, “ಇಲ್ಲಿ ಜೊಂಡು ಹೂಬಿಟ್ಟರೆ ಮನುಷ್ಯನಾಗ್ತಾನೆ. ಅಲ್ಲೀವರೆಗೆ ಹದ್ದು ಬಿಡಬೇಕಲ್ಲ!” ಎಂದು ನಕ್ಕ.

ಅಡಗಲು ಹುಲ್ಲಿಲ್ಲದ ತಮ್ಮನನ್ನು ಮಲ್ಲಾಜಿ ಮಡಿಲಲ್ಲಿಟ್ಟುಕೊಂಡು ಅತ್ತಳು. ಆಮೇಲೆ ಕೆಸರು ಕೆದಕಿದಾಗ ಜೀವವಿದ್ದ ಒಂದೇ ಒಂದು ಗಡ್ಡೆ ಸಿಕ್ಕಿತು.

ಕಣ್ಣೆದುರಿಗೇ ಇರಲೆಂದು ಅಂಗಳದ ಕುಂಡದಲ್ಲಿ ನೆಟ್ಟಳು. ಮೊಳಕೆ ಒಣಗಿತು, ಗಡ್ಡೆಯಲ್ಲಿ ಮಾತ್ರ ಜೀವ ಉಳಿಯಿತು. ದನ ಮೇಯದಿರಲೆಂದು ಕೆರೆಯ ನಡುವೆ ನೆಟ್ಟಳು. ಮೊಳಕೆ ಮುಳುಗಿ ಕೊಳೆಯತೊಡಗಿತು. ಆಗ ನೀರುಕೋಳಿ ಮಡಿಲಿನಿಂದಿಳಿದು, ಬಿಸಿಲು ಬೀಳುವ ಅಂಚಿನ ಕೆಸರಿನಲ್ಲಿ ಕಾಲು ಮುಳುಗುವಷ್ಟು ನೀರಲ್ಲಿ ನಿಂತು ಕೂಗಿತು.

“ಇಲ್ಲೇನೋ, ತಮ್ಮಾ?” ಎಂದಳು ಮಲ್ಲಾಜಿ. ಮೂರನೆಯ ಸಲ ಅಲ್ಲಿಯೇ ನೆಟ್ಟಳು. ಜೊಂಡು ಚಿಗುರಿತು, ಬೆಳೆಯಿತು, ಮೊಗ್ಗಾಯಿತು.

ಒಂದು ಮುಂಜಾನೆ ಹದ್ದು ನೆತ್ತಿಯ ಮೇಲೆ ಸುತ್ತುತ್ತಿತ್ತು. ಕರಾಳ ಮುದುಕಿಯ ವೇಷದಲ್ಲಿ ಬಂದ. “ಬೇಗ ಮಗಳೇ! ಬುಡಸಮೇತ ಕಿತ್ತು ಹಕ್ಕಿಯ ಕೊರಳಿಗೆ ಕಟ್ಟು, ಈಗಲೇ ತಮ್ಮ ಸಿಗ್ತಾನೆ.”

ಮಲ್ಲಾಜಿಯ ಕೈ ನೀರಿಗಿಳಿಯಿತು. ಅವಳಿಗೂ ಅವಸರವೇ, ಪಾಪ. ಆದರೆ ಬುಡ ಮುಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. “ಇಲ್ಲ ಅಜ್ಜಿ, ನಾವು ಬುಡಕ್ಕೆ ಕೈ ಹಾಕೋರಲ್ಲ,” ಎಂದು ಹಕ್ಕಿಯನ್ನು ಮಡಿಲಿಗೆಳೆದು ಅದರ ಮೇಲೆ ಬಾಗಿ ತನ್ನ ಬೆನ್ನನ್ನೇ ಹದ್ದಿಗೆ ಒಡ್ಡಿದಳು. ಉಗುರು ನಾಟಿದರೂ ಕದಲಲಿಲ್ಲ.

ಬಿಸಿಲೇರಿತು. ಜೊಂಡು ಕಂದುಬಣ್ಣದ ಹೂಬಿಟ್ಟಿತು. ಹದ್ದು ಹಾರಿಹೋಯಿತು. ಕರಾಳ ಕೆರೆಯ ಮಂಜಿನೊಡನೆ ಕರಗಿದ.

ಮಡಿಲಲ್ಲಿ ದುಗ್ಗ ಕಣ್ಣುಬಿಟ್ಟ. “ಅಕ್ಕಾ, ತಪ್ಪಾಯ್ತು.”

“ಮೊದಲು ಮೇಲೇಳೋ, ತೊಡೆ ಜೋಮು ಹಿಡಿದಿದೆ,” ಎಂದು ನಗುತ್ತಲೇ ಅತ್ತಳು ಅಕ್ಕ.

ಕೆರೆ ಮತ್ತೆ ಹಸಿರಾಯಿತು, ಅಕ್ಕತಮ್ಮ ನೂರು ಕಾಲ ಸುಖವಾಗಿದ್ದರು. ಮುದುಕನಾದ ಮೇಲೂ ದುಗ್ಗ ಕೊಯ್ಯುವ ಮೊದಲು ನೀರಿನ ಮೇಲೆ ನಾಲ್ಕು ಬೆರಳಿಟ್ಟು ಅಳೆಯುತ್ತಿದ್ದ. ಅಕ್ಕನ ಬೆನ್ನ ಮೇಲಿನ ಗಾಯದ ಗುರುತೂ ನಾಲ್ಕೇ ಬೆರಳಿನಷ್ಟಿತ್ತು.